ಬರೀ ದಡಾರ

ನನ್ನ ಕೆಲಸವೇ ಸೂಜಿಯದು. ಹೊಸ ಬಟ್ಟೆ ಹೊಲಿದುಕೊಡುವ ದೊಡ್ಡಸ್ತಿಕೆಯ ಅಂಗಡಿಯಲ್ಲ ನಮ್ಮದು. ಉದ್ದವಿದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಕೆಟ್ಟ ಜಿಪ್ಪು ಕಿತ್ತು ಬೇರೆ ಹಾಕುವುದು, ಇಷ್ಟೇ. ಮೂರು ಮಷೀನು, ಒಂದು ಇಸ್ತ್ರಿ ಮೇಜು, ಪರದೆ ಎಳೆದುಕೊಂಡು ಬಟ್ಟೆ ಬದಲಿಸುವ ಒಂದು ಮೂಲೆ, ಆಳೆತ್ತರದ ಒಂದು ಕನ್ನಡಿ. ಕತ್ತರಿ ಮಾಸ್ಟರದು, ಮಡಿಕೆ ಹೊಲಿಯುವುದು ನನ್ನದು. ದಿನವಿಡೀ ಬೆರಳ ನಡುವೆ ಸೂಜಿ, ತುಟಿಗಳ ನಡುವೆ ಗುಂಡುಸೂಜಿ. ಇಂಥವಳು ಇಂಜೆಕ್ಷನ್ ಅಂದರೆ ಮಾರುದೂರ ಓಡುತ್ತಾಳೆ ಎಂದು ಮಾಸ್ಟರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಅದು ಹೆದರಿಕೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಟ.

ಹದಿನೈದನೆಯ ವಯಸ್ಸಿನಲ್ಲಿ ನನಗೆ ರಕ್ತದ ಕ್ಯಾನ್ಸರ್ ಬಂತು. ಎರಡೂವರೆ ವರ್ಷ ಚಿಕಿತ್ಸೆ. ಕೈಯಲ್ಲಿ ನರ ಸಿಗದಿದ್ದರೆ ಕಾಲು, ಕಾಲಲ್ಲಿ ಸಿಗದಿದ್ದರೆ ಕತ್ತು, ಬೆನ್ನುಮೂಳೆಗೆ ಹಾಕುವುದು ಬೇರೆ. ಮೊದಮೊದಲು ಎಷ್ಟು ಸಲ ಚುಚ್ಚಿದರು ಎಂದು ಎಣಿಸುತ್ತಿದ್ದೆ, ಮುನ್ನೂರು ದಾಟಿದ ಮೇಲೆ ಬಿಟ್ಟೆ. ಕೊನೆಯ ದಿನ ಡಾಕ್ಟರು ಒಂದು ಕಾಗದ ಕೊಟ್ಟರು. ಏನು ತಿನ್ನಬೇಕು, ಯಾವಾಗ ಬಂದು ತೋರಿಸಿಕೊಳ್ಳಬೇಕು ಎಂದೆಲ್ಲ ಬರೆದು, ಆರು ತಿಂಗಳಾದ ಮೇಲೆ ಲಸಿಕೆಗಳನ್ನು ಮತ್ತೆ ಹಾಕಿಸಬೇಕು ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದರು. "ನಮ್ಮ ಔಷಧಿ ಕ್ಯಾನ್ಸರ್ ಜೊತೆಗೆ ಹಳೇ ಲಸಿಕೆಗಳ ಬಲಾನೂ ತೊಳೆದುಹಾಕಿರುತ್ತೆ. ಹುಟ್ಟಿದ ಮಗು ಥರ ಮೊದಲಿಂದ ಶುರು ಮಾಡ್ಬೇಕು" ಎಂದು ಬಾಯಲ್ಲೂ ಹೇಳಿದರು. ಕೇಳಿಸಿಕೊಂಡೆ. ಕೇಳಿಸಿರಲಿಲ್ಲ ಎಂದು ಇವತ್ತಿಗೂ ಹೇಳುವ ಹಾಗಿಲ್ಲ.

ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಾ, "ಅಪ್ಪಾ, ಇನ್ನು ನನ್ನ ಮೈಗೆ ಒಂದೇ ಒಂದು ಸೂಜಿ ತಾಕಬಾರದು" ಎಂದೆ. "ಯಾವನಾದ್ರೂ ಸೂಜಿ ಹಿಡ್ಕೊಂಡು ಬರಲಿ ಮಗಳೇ, ನಾನು ನೋಡ್ಕೋತೀನಿ" ಅಂದರು ಅಪ್ಪ. ಎರಡೂವರೆ ವರ್ಷದಲ್ಲಿ ಅಪ್ಪ ತಮಾಷೆ ಮಾಡಿದ್ದು ಅದೇ ಮೊದಲು. ಅಮ್ಮ ಅಳುತ್ತಾ ನಕ್ಕಳು. ಮನೆಗೆ ಬಂದ ಮೇಲೆ ಆ ಕಾಗದವನ್ನು ಫೈಲಿನ ತಳಕ್ಕೆ ಸೇರಿಸಿ, ಫೈಲನ್ನು ಬೀರುವಿನ ಮೇಲಿನ ಸೂಟ್‌ಕೇಸಿನೊಳಗೆ ತುರುಕಿ, ಕೈ ತೊಳೆದುಕೊಂಡಳು. ನಮ್ಮ ಮಟ್ಟಿಗೆ ಆಸ್ಪತ್ರೆ ಅಲ್ಲಿಗೆ ಮುಗಿದಿತ್ತು.

ನಾನೊಬ್ಬಳೇ ಹೀಗಲ್ಲ. ಆ ವಾರ್ಡಿನಿಂದ ಬದುಕಿ ಬಂದ ಹತ್ತು ಹನ್ನೆರಡು ಜನರ ಒಂದು ವಾಟ್ಸಾಪ್ ಗುಂಪಿದೆ, ಬೋಳು ಬಳಗ ಅಂತ ಹೆಸರು. ಈಗ ಎಲ್ಲರಿಗೂ ತಲೆ ತುಂಬ ಕೂದಲಿದೆ, ಹೆಸರು ಮಾತ್ರ ಉಳಿದಿದೆ. ಲಸಿಕೆಯ ಮಾತು ಬಂದರೆ ಅಲ್ಲಿ ದೊಡ್ಡ ಹರಟೆ. ಬಸ್ಸಿನ ಕಂಡಕ್ಟರಾಗಿರುವ ಒಬ್ಬ, "ನನ್ನ ಕೋಟಾ ಮುಗೀತಪ್ಪ, ಇನ್ನೇನಿದ್ರೂ ನನ್ನ ಮಕ್ಕಳಿಗೆ" ಅಂತಿದ್ದ. ಬ್ಯಾಂಕಿನಲ್ಲಿರುವ ಹುಡುಗಿ ಎಲ್ಲವನ್ನೂ ಸಾಲಾಗಿ ಹಾಕಿಸಿಕೊಂಡು ಪಟ್ಟಿ ಬರೆದಿಟ್ಟವಳು. ಅವಳಿಗೆ ನಾವೆಲ್ಲ ಸೇರಿ ಒಳ್ಳೆ ಹುಡುಗಿ ಎಂದು ಹೆಸರಿಟ್ಟು ಗೋಳು ಹೊಯ್ದುಕೊಂಡಿದ್ದೆವು. "ಅಷ್ಟು ದೊಡ್ಡ ರೋಗವನ್ನೇ ಒದ್ದು ಓಡಿಸಿದ್ದೀವಿ, ದಡಾರ ಗಿಡಾರ ಎಲ್ಲ ನಮ್ಮ ಮುಂದೆ ಯಾವ ಲೆಕ್ಕ" ಎಂದು ಬರೆದವಳು ನಾನು. ಒಂಬತ್ತು ಜನ ಅದಕ್ಕೆ ಚಪ್ಪಾಳೆಯ ಚಿತ್ರ ಕಳಿಸಿದ್ದರು.

ಮೂರು ತಿಂಗಳಿಗೊಮ್ಮೆ ನಮ್ಮಲ್ಲಿ ಯಾರಾದರೂ ಇಬ್ಬರು ಹಳೆಯ ವಾರ್ಡಿಗೆ ಹೋಗಿ, ಚಿಕಿತ್ಸೆಯಲ್ಲಿರುವ ಮಕ್ಕಳ ಜೊತೆ ಒಂದು ಗಂಟೆ ಕೂತು ಬರುವುದು ರೂಢಿ. ಇದನ್ನು ಶುರು ಮಾಡಿದವರು ದೊಡ್ಡ ಸಿಸ್ಟರ್. ಅವರು ವಾರ್ಡಿನ ಮುಖ್ಯ ನರ್ಸು, ಎರಡೂವರೆ ವರ್ಷ ನನ್ನ ಕೈ ಹಿಡಿದು ಚುಚ್ಚಿದವರು, ನನ್ನ ಬೈಗುಳ ತಿಂದವರು, ನನಗೆ ಜಗಳಗಂಟಿ ಎಂದು ಹೆಸರಿಟ್ಟವರು. "ಡಾಕ್ಟರು ನೂರು ಸಲ ಹೇಳಿದ್ರೂ ಮಕ್ಕಳು ನಂಬಲ್ಲ ಕಣೇ. ನಿನ್ನ ಜಡೆ ಕಂಡ್ರೆ ನಂಬ್ತಾರೆ" ಎನ್ನುತ್ತಿದ್ದರು. ಬರುವವರಿಗೆ ಎರಡು ನಿಯಮ: ಮಾಸ್ಕು ತೆಗೆಯಬಾರದು, ಮೊದಲ ಸಲ ಬರುವ ಮುಂಚೆ ಲಸಿಕೆಯ ಕಾರ್ಡು ತೋರಿಸಬೇಕು.

ಕಾರ್ಡಿಗೇನು ಕೊರತೆ? ನಾನು ಹುಟ್ಟಿದಾಗಿನಿಂದ ಹತ್ತು ವರ್ಷದವರೆಗಿನ ಕಾರ್ಡನ್ನು ಅಮ್ಮ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಕಾಪಾಡಿದ್ದಳು. ಒಂದು ಚೌಕವೂ ಖಾಲಿಯಿಲ್ಲ, ಎಲ್ಲದರಲ್ಲೂ ನೇರಳೆ ಬಣ್ಣದ ಸೀಲು. ಅದರ ಫೋಟೋ ತೆಗೆದು ಕಳಿಸಿದೆ. ಎಲ್ಲ ಸೀಲೂ ಕಾಯಿಲೆಗೆ ಮುಂಚಿನವು ಎಂದು ನನಗೆ ಗೊತ್ತಿತ್ತು. ದೊಡ್ಡ ಸಿಸ್ಟರ್‌ಗೂ ತಾರೀಖು ಕಾಣುತ್ತಿತ್ತು. ಆದರೆ ಅವರು ನೋಡಿದ್ದು ಕಾರ್ಡನ್ನಲ್ಲ, ನನ್ನ ಹೆಸರನ್ನು. "ಬಾರೇ ಜಗಳಗಂಟಿ, ಎಷ್ಟು ವರ್ಷ ಆಯ್ತು ನಿನ್ನ ನೋಡಿ" ಎಂದು ಉತ್ತರ ಬಂತು.

ಬಟಾಣಿ ಸಿಕ್ಕಿದ್ದು ಆ ಮೊದಲ ಭೇಟಿಯಲ್ಲಿ. ಏಳು ವರ್ಷದ ಹುಡುಗಿ. ಗುಂಡಗಿನ ಬೋಳು ತಲೆಯ ಮೇಲೆ ಹಸಿರು ಟೋಪಿ ಹಾಕುತ್ತಿದ್ದಳು, ಅದಕ್ಕೇ ವಾರ್ಡಿನಲ್ಲಿ ಎಲ್ಲರಿಗೂ ಬಟಾಣಿ. ನನ್ನ ಜಡೆಯನ್ನು ಎರಡು ಸಲ ಜಗ್ಗಿ ನೋಡಿದಳು, ಅಂಟಿಸಿಕೊಂಡಿದ್ದೇನೋ ಅಂತ. "ಅಕ್ಕಾ, ನೀನು ಬಟ್ಟೆ ಹೊಲೀತೀಯಂತೆ. ನಂಗೊಂದು ಫ್ರಾಕ್ ಬೇಕು. ದೊಡ್ಡ ಜೇಬಿರ್ಬೇಕು" ಅಂದಳು. "ಜೇಬು ಯಾಕೆ, ಚಾಕ್ಲೆಟ್ ತುಂಬೋಕಾ?" ಎಂದೆ. "ಅಲ್ಲ, ಕೈ ಇಟ್ಕೊಳ್ಳೋಕೆ. ಇದು ಕಾಣಬಾರದು" ಎಂದು ಅಂಗೈ ಹಿಂಬದಿಯಲ್ಲಿ ಪಟ್ಟಿ ಹಾಕಿ ಅಂಟಿಸಿದ್ದ ಸೂಜಿಯ ಕೊಳವೆಯನ್ನು ತೋರಿಸಿದಳು. ಅವಳ ಅಮ್ಮ ಪಕ್ಕದಲ್ಲೇ ಕೂತಿದ್ದರು, ಮಡಿಲಲ್ಲಿ ಒಂದು ಎಳೆ ಕೂಸು, ಬಟಾಣಿಯ ತಮ್ಮ. ಕೂಸನ್ನು ವಾರ್ಡಿನ ಒಳಗೆ ಬಿಡುತ್ತಿರಲಿಲ್ಲ, ಆದ್ದರಿಂದ ನಾವು ಮಾತಾಡಿದ್ದು ಹೊರಗಿನ ಬಾಲ್ಕನಿಯಲ್ಲಿ.

ಮೂರು ತಿಂಗಳಲ್ಲಿ ಫ್ರಾಕ್ ಹೊಲಿದೆ. ಹೊಸ ಬಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಹೊಲಿದದ್ದು ಅದೊಂದೇ. ಹಳದಿ ಹತ್ತಿಬಟ್ಟೆ, ಎರಡೂ ಕಡೆ ಮೊಣಕೈವರೆಗೆ ಮುಳುಗುವಷ್ಟು ಜೇಬು. ಕೆಳಗಡೆ ಮಾಸ್ಟರು ಹೇಳಿಕೊಟ್ಟಂತೆ ನಾಲ್ಕು ಬೆರಳಿನಷ್ಟು ಬಟ್ಟೆಯನ್ನು ಒಳಕ್ಕೆ ಮಡಿಚಿ ಹೊಲಿದೆ. ಬೆಳೆಯುವ ಮಕ್ಕಳ ಬಟ್ಟೆಗೆ ಹಾಗೆ ಬಿಡುತ್ತಾರೆ. ವರ್ಷಕ್ಕೊಂದು ಬೆರಳು ಬಿಚ್ಚಿ ಇಳಿಸಿದರೆ ನಾಲ್ಕು ವರ್ಷ ಬರುತ್ತದೆ. "ಹನ್ನೊಂದು ವರ್ಷದವರೆಗೆ ಬೇರೆ ಫ್ರಾಕ್ ಕೇಳೋ ಹಾಗಿಲ್ಲ ನೋಡು ಅವಳು" ಎಂದು ಮಾಸ್ಟರಿಗೆ ಹೇಳಿದ್ದೆ.

ಆ ಮೂರು ತಿಂಗಳ ಕೊನೆಯಲ್ಲಿ ಊರಿನಲ್ಲಿ ದಡಾರ ಹಬ್ಬಿತು. ಪೇಪರಿನಲ್ಲಿ ಬಂತು, ಶಾಲೆಗಳಿಗೆ ಚೀಟಿ ಕಳಿಸಿದರು. ಅದೇ ಹೊತ್ತಿಗೆ ಒಬ್ಬಾಕೆ ತನ್ನ ಮಗಳ ಯೂನಿಫಾರ್ಮು ಇಳಿಸಿಕೊಡಿ ಎಂದು ಅಂಗಡಿಗೆ ಬಂದರು. ಹುಡುಗಿ ಕನ್ನಡಿಯ ಮುಂದೆ ನಿಂತಳು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮಂಡಿಯೂರಿ ಅಂಚಿಗೆ ಅಳತೆ ಹಿಡಿದೆ. ಅವಳು ಬಗ್ಗಿ ನೋಡುತ್ತಾ ನನ್ನ ಮುಖದ ಮೇಲೇ ಕೆಮ್ಮಿದಳು. "ಬಾಯಿಗೆ ಕೈ ಇಟ್ಕೋಳೇ" ಎಂದು ಅವಳಮ್ಮ ಗದರಿದರು. ಬಾಯಲ್ಲಿ ಸೂಜಿಯಿದ್ದದ್ದರಿಂದ ಪರವಾಗಿಲ್ಲ ಎನ್ನಲೂ ನನಗೆ ಆಗಲಿಲ್ಲ, ತಲೆಯಾಡಿಸಿದೆ.

ಹನ್ನೊಂದು ದಿನ ಬಿಟ್ಟು, ಶನಿವಾರ, ಫ್ರಾಕ್ ತೆಗೆದುಕೊಂಡು ವಾರ್ಡಿಗೆ ಹೋದೆ. ಬೆಳಿಗ್ಗೆಯಿಂದ ಗಂಟಲಲ್ಲಿ ಏನೋ ಕೆರೆತ, ಮೈ ಒಂಚೂರು ಬಿಸಿ. ಹಿಂದಿನ ದಿನ ಉಣ್ಣೆಯ ಕೋಟೊಂದರ ಒಳಗಿನ ಅಸ್ತರು ಬಿಚ್ಚಿದ್ದೆ, ಅದರ ಧೂಳು ಅಂದುಕೊಂಡೆ. ಬಾಗಿಲಲ್ಲಿ ದೊಡ್ಡ ಸಿಸ್ಟರ್, "ನೆಗಡಿ ಗಿಗಡಿ ಇಲ್ಲ ತಾನೇ?" ಎಂದರು. "ನೆಗಡೀನಾ? ನಂಗಾ?" ಎಂದು ಕೊಬ್ಬಿನ ಮಾತಾಡಿ ಒಳಗೆ ಹೋದೆ.

ಬಟಾಣಿ ಮಂಚದ ಮೇಲಿದ್ದಳು. ಮೂರು ತಿಂಗಳಲ್ಲಿ ಅರ್ಧ ಇಳಿದುಹೋಗಿದ್ದಳು. ಬಾಯಿ ತುಂಬ ಹುಣ್ಣು, ಎರಡು ದಿನದಿಂದ ಏನನ್ನೂ ನುಂಗಿಲ್ಲ ಎಂದು ಅವಳಮ್ಮ ಹೇಳಿದರು. ಫ್ರಾಕನ್ನು ಮಡಿಲ ಮೇಲೆ ಹರಡಿಕೊಂಡು ಎರಡೂ ಕೈ ಜೇಬಿನೊಳಗೆ ಬಿಟ್ಟುಕೊಂಡಳು, ನಗಲು ಹೋಗಿ ತುಟಿ ಉರಿದು ಮುಖ ಕಿವುಚಿದಳು.

"ನಿಂಗೂ ಹೀಗೇ ಆಗಿತ್ತಾ ಅಕ್ಕಾ?"

"ಇದಕ್ಕಿಂತ ಜಾಸ್ತಿ. ನಾಲಿಗೆ ಹೊರಗೆ ಹಾಕೋಕೇ ಆಗ್ತಿರ್ಲಿಲ್ಲ."

"ಸುಳ್ಳು. ಎಲ್ಲಿ, ತೋರ್ಸು ನೋಡೋಣ, ಕಲೆ ಇದ್ಯಾ ಅಂತ."

ಬಟಾಣಿಯ ಅಮ್ಮ ನೀರು ತರಲು ಹೋಗಿದ್ದರು. ದೊಡ್ಡ ಸಿಸ್ಟರ್ ಆ ತುದಿಯ ಮಂಚದ ಹತ್ತಿರ ಇದ್ದರು. ನಾನು ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಅವಳ ಮುಖದ ಹತ್ತಿರ ಬಗ್ಗಿ, ನಾಲಿಗೆ ಉದ್ದಕ್ಕೆ ಚಾಚಿ ತೋರಿಸಿದೆ. ತುಟಿ ಮಗುಚಿ ಒಳಗಡೆಯೂ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಪರೀಕ್ಷೆ ಮಾಡಿದಳು. "ಒಂದೂ ಇಲ್ಲ" ಎಂದು ತೀರ್ಪು ಕೊಟ್ಟಳು. ಆಮೇಲೆ ಅವಳಮ್ಮ ತಂದ ನೀರಿನಲ್ಲಿ ನಾಲ್ಕು ಗುಟುಕು ಕುಡಿದಳು. ಅವರಿಗೆ ಅದೇ ದೊಡ್ಡ ಸಂತೋಷ. "ನೀನು ಬಂದಿದ್ದಕ್ಕೆ ಕುಡಿದ್ಲು ಕಣಮ್ಮಾ" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಭಾನುವಾರ ನನಗೆ ಕೆಂಡದಂಥ ಜ್ವರ. ಕಣ್ಣು ಕೆಂಪಗಾಗಿ ಬೆಳಕು ನೋಡಲು ಆಗುತ್ತಿರಲಿಲ್ಲ.

ಬೇರೆ ಮನೆಗಳಲ್ಲಿ ಜ್ವರ ಬಂದರೆ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ನಮ್ಮ ಮನೆಯಲ್ಲಿ ಜ್ವರ ಎಂದರೆ ಒಂದೇ ಅರ್ಥ. ಅದು ವಾಪಸ್ ಬಂತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಅಮ್ಮ ಸೂಟ್‌ಕೇಸು ಇಳಿಸಿ ಫೈಲು ಹೊರಗೆ ತೆಗೆದಳು. ಸೋಮವಾರ ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ ಕೊಟ್ಟೆ. ಏಳು ವರ್ಷದ ಹಟ ಅವತ್ತು ಒಂದು ನಿಮಿಷದಲ್ಲಿ ಮುರಿಯಿತು. ಭಯವಾದಾಗ ಕೈ ತಾನಾಗಿ ಚಾಚಿಕೊಳ್ಳುತ್ತದೆ. ಮಂಗಳವಾರ ಕಿವಿಯ ಹಿಂದೆ ಕೆಂಪು ಗುಳ್ಳೆ ಎದ್ದವು, ಬುಧವಾರಕ್ಕೆ ಮುಖ, ಎದೆ, ಹೊಟ್ಟೆ. ಅಮ್ಮ ಅವನ್ನು ನೋಡಿ ಗೋಡೆಗೆ ಒರಗಿ ನಿಂತುಬಿಟ್ಟಳು. ಮೊದಲ ಸಲ ಕಾಯಿಲೆ ಬಂದಾಗಲೂ ಮೈಮೇಲೆ ಕೆಂಪು ಚುಕ್ಕೆ ಎದ್ದೇ ಗೊತ್ತಾಗಿತ್ತು.

ಗುರುವಾರ ಕ್ಲಿನಿಕ್ಕಿನ ಡಾಕ್ಟರು ರಕ್ತದ ವರದಿಯನ್ನು ಎರಡು ಸಲ ಓದಿದರು. ನನ್ನ ಕಣ್ಣು, ಬಾಯಿ, ಬೆನ್ನು ನೋಡಿದರು. "ಕ್ಯಾನ್ಸರ್ ಏನೂ ಇಲ್ಲಮ್ಮ. ಬರೀ ದಡಾರ" ಎಂದರು.

ಅಮ್ಮ ಡಾಕ್ಟರ ಮೇಜಿಗೆ ಹಣೆ ಹಚ್ಚಿ ಅತ್ತಳು. ಅಪ್ಪ ಜೋರಾಗಿ ನಕ್ಕರು, "ಬರೀ ದಡಾರ! ಬರೀ ದಡಾರ ಕಣೇ!" ಎಂದು ಅಮ್ಮನ ಬೆನ್ನು ತಟ್ಟಿದರು. ಹೊರಗೆ ಕೂತಿದ್ದವರು ನಮ್ಮನ್ನು ಹುಚ್ಚರೆಂದುಕೊಂಡಿರಬೇಕು. ಮಗಳಿಗೆ ದಡಾರ ಬಂತೆಂದು ದಾರಿಯಲ್ಲಿ ಸಿಹಿ ಕಟ್ಟಿಸಿಕೊಂಡು ಬಂದ ಅಪ್ಪ ಇವರೊಬ್ಬರೇ ಇರಬೇಕು. ನಾನೂ ನಕ್ಕೆ. ಮೈಯೆಲ್ಲ ಉರಿಯುತ್ತಿದ್ದರೂ ಎಷ್ಟು ಹಗುರವಾಗಿದ್ದೆನೆಂದರೆ, ಬೋಳು ಬಳಗಕ್ಕೆ ಬರೆಯಲು ಫೋನು ಕೈಗೆತ್ತಿಕೊಂಡೆ.

ಆಗ ನೆನಪಾಯಿತು. ನಾವು ಹೊರಡುವಾಗ ಡಾಕ್ಟರು, "ಹತ್ತಿರದಲ್ಲಿ ಚಿಕ್ಕ ಮಕ್ಕಳು, ಕಾಯಿಲೆಯವರು ಯಾರಾದ್ರೂ ಇದ್ದಾರಾ? ಇದು ಗಾಳೀಲಿ ಹರಡುತ್ತೆ" ಎಂದು ಕೇಳಿದ್ದರು. "ನಮ್ಮನೇಲಿ ಯಾರೂ ಇಲ್ಲ ಸಾರ್" ಎಂದು ಅಮ್ಮ ಹೇಳಿದ್ದಳು, ನಾನು ಸುಮ್ಮನಿದ್ದೆ. ಈಗ ನನ್ನ ನಾಲಿಗೆ ಕಣ್ಣಮುಂದೆ ಬಂತು, ಬಟಾಣಿಯ ಮೂಗು ಬಂತು.

ಅವತ್ತು ಗುರುವಾರ. ಶನಿವಾರದಿಂದ ಐದು ದಿನ. ಫೋನು ಕೈಯಲ್ಲೇ ಇತ್ತು, ದೊಡ್ಡ ಸಿಸ್ಟರ್ ಹೆಸರನ್ನು ಹುಡುಕಿ ತೆಗೆದೂ ಇದ್ದೆ. ಏನೆಂದು ಹೇಳಲಿ? ನಿಮ್ಮ ನಿಯಮ ಮುರಿದೆ, ಹಳೆಯ ಕಾರ್ಡು ತೋರಿಸಿ ಒಳಗೆ ಬಂದೆ, ಮಾಸ್ಕು ತೆಗೆದೆ ಅಂತಲೇ? ಬಟಾಣಿಗೂ ಲಸಿಕೆ ಆಗಿರುತ್ತದೆ, ನನ್ನ ಹಾಗೇ ಸೀಲುಗಳಿರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಸೀಲುಗಳು ನನ್ನನ್ನು ಕಾಯಲಿಲ್ಲ ಎನ್ನುವುದಕ್ಕೆ ಮೈತುಂಬ ಸಾಕ್ಷಿ ಹೊತ್ತುಕೊಂಡೇ ಹಾಗೆ ಹೇಳಿಕೊಂಡೆ. ಬಂದರೂ ಬರೀ ದಡಾರ ತಾನೇ ಎಂದುಕೊಂಡೆ. ಅಮ್ಮ ಸಿಹಿಯ ತುಂಡೊಂದನ್ನು ನನ್ನ ಬಾಯಿಗಿಟ್ಟಳು. ಫೋನನ್ನು ಮಗುಚಿ ಇಟ್ಟೆ.

ಮತ್ತೊಂದು ವಾರಕ್ಕೆ ಬಳಗದಲ್ಲಿ ಸುದ್ದಿ ಬಂತು. ಬಟಾಣಿಗೆ ಜ್ವರ, ಬೇರೆ ಕೋಣೆಗೆ ಹಾಕಿದ್ದಾರೆ. ಎರಡು ದಿನ ಬಿಟ್ಟು, ಶ್ವಾಸಕೋಶಕ್ಕೆ ಇಳಿದಿದೆ, ಮೈಮೇಲೆ ಗುಳ್ಳೆ ಎದ್ದಿಲ್ಲ, ಆದರೂ ದಡಾರವೇ ಅಂತೆ. ಆಮೇಲೆ ಆರು ದಿನ ಏನೂ ಇಲ್ಲ. ಆ ಆರು ದಿನ ನಾನು ಅಂಗಡಿಯಲ್ಲಿ ಕೂತು ಯಾರದೋ ಪ್ಯಾಂಟುಗಳ ಮಡಿಕೆ ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಏಳನೆಯ ದಿನ ಒಳ್ಳೆ ಹುಡುಗಿ ಬರೆದಳು, ಬಟಾಣಿ ಹೋಗಿಬಿಟ್ಟಳು ಎಂದು.

ಸಂಜೆ ದೊಡ್ಡ ಸಿಸ್ಟರ್ ಫೋನು ಮಾಡಿದರು. ಆ ವಾರ ಬಂದಿದ್ದವರಿಗೆಲ್ಲ ಮಾಡುತ್ತಿದ್ದರಂತೆ. ದನಿ ಬಿದ್ದುಹೋಗಿತ್ತು.

"ನಿನಗೇನಾದ್ರೂ ಆಗಿತ್ತೇನೇ? ಜ್ವರ, ಗುಳ್ಳೆ?"

"ಇಲ್ಲ ಸಿಸ್ಟರ್. ಸ್ವಲ್ಪ ಅಲರ್ಜಿ ಆಗಿತ್ತು. ಉಣ್ಣೆ ಬಟ್ಟೇದು."

"ಲಸಿಕೆ ಎಲ್ಲ ಮತ್ತೆ ಹಾಕಿಸ್ಕೊಂಡಿದ್ದೆ ತಾನೇ?"

"ಹೂಂ."

ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಾಗದ ಹಾಗೆ, "ತಗಲಿದ ಆರು ದಿನದೊಳಗೆ ಗೊತ್ತಾಗಿದ್ರೆ ಒಂದು ಔಷಧಿ ಇತ್ತು. ಉಳಿಸ್ಕೋಬಹುದಿತ್ತೇನೋ" ಎಂದು ಫೋನಿಟ್ಟರು.

ಐದು ದಿನ. ನಾನು ಲೆಕ್ಕದಲ್ಲಿ ಯಾವತ್ತೂ ಹಿಂದೆ. ಆದರೆ ಈ ಲೆಕ್ಕವನ್ನು ಮಾತ್ರ ದಿನಕ್ಕೆ ನೂರು ಸಲ ಮಾಡುತ್ತೇನೆ, ನೂರು ಸಲವೂ ಒಂದು ದಿನ ಉಳಿಯುತ್ತದೆ.

ಎರಡು ತಿಂಗಳು ಕಳೆದವು. ಒಂದು ಮಧ್ಯಾಹ್ನ ಮಾಸ್ಟರು ಊಟಕ್ಕೆ ಹೋಗಿದ್ದರು. ಅಂಗಡಿಯ ಬಾಗಿಲಲ್ಲಿ ಬಟಾಣಿಯ ಅಮ್ಮ ನಿಂತಿದ್ದರು. ಸೊಂಟದ ಮೇಲೆ ಕೂಸು, ಕೈಯಲ್ಲೊಂದು ಚೀಲ. ಅವರು ಬೈಯಲು ಬಂದವರ ಹಾಗೆ ಕಾಣಲಿಲ್ಲ. ಸ್ಟೂಲಿನ ಮೇಲೆ ಕೂತು ಚೀಲದಿಂದ ಹಳದಿ ಫ್ರಾಕ್ ತೆಗೆದು ಮೇಜಿನ ಮೇಲೆ ಹರಡಿದರು. ಒಂದು ಸಲವೂ ಒಗೆದಿರಲಿಲ್ಲ, ಇಸ್ತ್ರಿಯ ಗೆರೆ ಹಾಗೇ ಇತ್ತು.

"ಕೆಳಗೆ ಒಳಗಡೆ ಬಟ್ಟೆ ಬಿಟ್ಟಿದ್ದೀಯಲ್ಲಮ್ಮ, ಅದನ್ನೂ ಬಿಚ್ಚಿ ಸೇರಿಸಿದ್ರೆ ಇವನಿಗೊಂದು ಅಂಗಿ ಆಗುತ್ತಾ? ಅವಳದು ಅಂತ ಇವನ ಮೈಮೇಲೆ ಏನಾದ್ರೂ ಇರಲಿ ಅಂತ."

"ಆಗುತ್ತೆ ಅಕ್ಕ" ಎಂದೆ. ಕತ್ತರಿಯ ತುದಿಯಿಂದ ನನ್ನ ಹೊಲಿಗೆಯನ್ನು ನಾನೇ ಬಿಚ್ಚತೊಡಗಿದೆ. ಕಣ್ಣು ಮಂಜಾಗಿ ದಾರ ಕಾಣುತ್ತಿರಲಿಲ್ಲ.

ಅವರು ಮಾತಾಡುತ್ತಾ ಹೋದರು. ಮಾತಾಡಲು ಯಾರಾದರೂ ಬೇಕಿತ್ತೇನೋ. "ತಪ್ಪು ನಂದೇ ಕಣಮ್ಮಾ. ಆ ವಾರ ಬಸ್ಸಲ್ಲಿ ಮನೆಗೆ ಹೋಗಿ ಬಂದಿದ್ದೆ, ಇವನನ್ನ ನೋಡೋಕೆ. ಬಸ್ ತುಂಬ ಜನ, ಎಲ್ರೂ ಕೆಮ್ಮೋರೇ. ಅಲ್ಲಿಂದ ನಾನೇ ಹೊತ್ಕೊಂಡು ಬಂದೆ. ನಮ್ಮತ್ತೆ ಬಾಯಿ ಬಿಟ್ಟು ಹೇಳಲ್ಲ, ಆದ್ರೆ ನನ್ನ ಕೈಯಿಂದ ಇವನನ್ನ ಇಸ್ಕೊಳ್ಳುವಾಗ ಮುಖ ನೋಡಲ್ಲ."

ನಾನು ಹೊಲಿಗೆ ಬಿಚ್ಚುತ್ತಿದ್ದೆ.

"ಮೊನ್ನೆ ಆರೋಗ್ಯ ಕೇಂದ್ರದವರು ಬಂದಿದ್ರು. ಇವನಿಗೆ ಒಂಬತ್ತು ತಿಂಗಳು ತುಂಬ್ತು, ದಡಾರದ ಲಸಿಕೆ ಹಾಕಿಸಿ ಅಂತ. ನಾನು ಬಾಗಿಲು ಹಾಕ್ಕೊಂಡೆ. ಅವಳಿಗೆ ಎಲ್ಲಾ ಹಾಕ್ಸಿದ್ದೆ ಕಣಮ್ಮಾ, ಒಂದೂ ತಪ್ಪಿಸಿರ್ಲಿಲ್ಲ. ಕಾರ್ಡ್ ತುಂಬ ಸೀಲಿದೆ. ಏನು ಉಪಯೋಗ ಆಯ್ತು? ಇವನಿಗ್ಯಾಕೆ ಸುಮ್ಮನೆ ಚುಚ್ಚಿಸ್ಲಿ? ನೀನು ಗೆದ್ದು ಬಂದವಳು, ನಿಂಗೆ ಇದೆಲ್ಲ ಗೊತ್ತಿರುತ್ತೆ. ನೀನೇ ಹೇಳು, ಬೇಡ ಅಲ್ವಾ?"

ಕೂಸು ಮೇಜಿನ ಮೇಲಿನ ಅಳತೆ ಟೇಪನ್ನು ಎಳೆದು ಬಾಯಿಗಿಟ್ಟುಕೊಂಡಿತ್ತು. ಅಕ್ಕನದೇ ಗುಂಡು ತಲೆ. ಹಾಕಿಸಿ ಅಕ್ಕ, ಒಳ್ಳೆಯದು ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಎಲ್ಲರೂ ಅದನ್ನೇ ಹೇಳಿದ್ದರು, ಅವರು ಬಾಗಿಲು ಹಾಕಿಕೊಂಡಿದ್ದರು. ಸೀಲು ಯಾಕೆ ಕಾಯಲಿಲ್ಲ ಎಂದು ಹೇಳದೆ ಅವರು ಒಪ್ಪುವ ಹಾಗಿರಲಿಲ್ಲ. ಅದನ್ನು ಹೇಳಲು ಹೊರಟರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಕತ್ತರಿ ಕೆಳಗಿಟ್ಟೆ.

"ಹಾಕಿಸ್ಲೇಬೇಕು ಅಕ್ಕ. ಲಸಿಕೆ ಸುಳ್ಳಲ್ಲ. ಕ್ಯಾನ್ಸರ್ ಔಷಧಿ ಅದರ ಬಲವನ್ನ ತೊಳೆದುಬಿಡುತ್ತೆ. ಚಿಕಿತ್ಸೆ ನಡೀವಾಗ ಮತ್ತೆ ಹಾಕೋಕೂ ಆಗಲ್ಲ. ಅಂಥ ಮಕ್ಕಳನ್ನ ಅವರ ಸುತ್ತ ಇರೋರೇ ಕಾಯ್ಬೇಕು. ಸುತ್ತ ಇರೋರು ಹಾಕಿಸ್ಕೊಂಡಿರ್ಬೇಕು."

"ನಾವೆಲ್ಲ ಹಾಕಿಸ್ಕೊಂಡಿದ್ದೀವಲ್ಲ. ವಾರ್ಡಿಗೆ ಬರೋರನ್ನೆಲ್ಲ ಸಿಸ್ಟರ್ ಕೇಳೇ ಬಿಡ್ತಿದ್ರು. ಸುತ್ತ ಹಾಕಿಸ್ಕೊಳ್ದೇ ಇದ್ದೋರು ಯಾರಿದ್ರು?"

"ನಾನು."

ಅವರಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಮೆಟ್ಟಿಲ ಮೇಲಿನ ಹಟ, ಹಳೆಯ ಕಾರ್ಡು, ಕೆಮ್ಮಿದ ಹುಡುಗಿ, ಇಳಿಸಿದ ಮಾಸ್ಕು, ಚಾಚಿದ ನಾಲಿಗೆ. ಗುರುವಾರದ ಸಿಹಿಯನ್ನೂ ಬಿಡಲಿಲ್ಲ. ಮಗುಚಿಟ್ಟ ಫೋನನ್ನೂ ಹೇಳಿದೆ. "ಬಸ್ಸಲ್ಲ ಅಕ್ಕ. ನೀವಲ್ಲ" ಎಂದೆ.

ಬಡಿಯುತ್ತಾರೆ ಎಂದುಕೊಂಡಿದ್ದೆ. ಬಡಿಯಲಿ ಎಂದು ಕಾದೆ. ಅವರು ಬಹಳ ಹೊತ್ತು ನನ್ನ ಬಾಯನ್ನೇ ನೋಡಿದರು. ಆಮೇಲೆ ಕೂಸಿನ ಬಾಯಿಂದ ಟೇಪನ್ನು ಮೆಲ್ಲಗೆ ಬಿಡಿಸಿ, ತುದಿ ಒರೆಸಿ, ಮೇಜಿನ ಮೇಲಿಟ್ಟರು. ಅರ್ಧ ಬಿಚ್ಚಿದ್ದ ಫ್ರಾಕನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಬಾಗಿಲ ತನಕ ಹೋಗಿ ತಿರುಗಿದರು.

"ಅವತ್ತು ನೀರು ಕುಡಿದ್ಲು ಅಂತ ನಿನ್ನ ಕೈ ಹಿಡ್ಕೊಂಡಿದ್ದೆ" ಎಂದರು. ಅಷ್ಟೇ ಹೇಳಿ ಇಳಿದುಹೋದರು.

ಅವತ್ತೇ ದೊಡ್ಡ ಸಿಸ್ಟರ್‌ಗೂ ಹೇಳಿದೆ. ಅವರು ಕೂಗಾಡಲಿಲ್ಲ. "ತಾರೀಖು ನಾನೂ ನೋಡಿರ್ಲಿಲ್ಲ" ಎಂದರು, ಜಗಳಗಂಟಿ ಎಂದು ಕರೆಯಲಿಲ್ಲ. ಮುಂದಿನ ತಿಂಗಳು ಅವರು ವಾರ್ಡಿನ ಕೆಲಸ ಬಿಟ್ಟು ಆಸ್ಪತ್ರೆಯ ಉಗ್ರಾಣಕ್ಕೆ ವರ್ಗ ಮಾಡಿಸಿಕೊಂಡರು ಎಂದು ಆಮೇಲೆ ಕೇಳಿದೆ. ಬಳಗದವರು ವಾರ್ಡಿಗೆ ಹೋಗುವ ರೂಢಿಯೂ ನಿಂತಿತು. ಈಗ ಆ ಮಕ್ಕಳಿಗೆ ಕೂದಲು ಮತ್ತೆ ಬರುತ್ತದೆ ಎಂದು ಯಾರು ತೋರಿಸುತ್ತಾರೋ ಗೊತ್ತಿಲ್ಲ.

ಬಟಾಣಿಯ ಅಮ್ಮ ಅಂಗಡಿಗೆ ಬಂದುಹೋದ ಹದಿನೈದು ದಿನಕ್ಕೆ ನಾನು ಆರೋಗ್ಯ ಕೇಂದ್ರಕ್ಕೆ ಹೋದೆ. ಫೈಲಿನ ತಳದಲ್ಲಿದ್ದ ಆ ಕಾಗದವನ್ನು ಅಲ್ಲಿನ ನರ್ಸು ಓದಿ, ಇನ್ನು ಜನ್ಮದಲ್ಲಿ ನನಗೆ ದಡಾರ ಬರುವುದಿಲ್ಲ, ಬಂದುಹೋದದ್ದೇ ಕಾಯುತ್ತದೆ, ಉಳಿದವನ್ನು ಒಂದೊಂದಾಗಿ ಹಾಕುತ್ತೇನೆ ಎಂದರು. ಬಟಾಣಿಗೆ ಸಿಗಬೇಕಾಗಿದ್ದ ರಕ್ಷಣೆ ನನಗೆ ಪುಕ್ಕಟೆ ಸಿಕ್ಕಿತ್ತು. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಕಾದೆ.

ಒಳಗಿನಿಂದ ಒಂದು ಕೂಸು ಕಿಟಾರನೆ ಕಿರುಚಿತು. ಪರದೆ ಸರಿಸಿಕೊಂಡು ಬಟಾಣಿಯ ಅಮ್ಮ ಹೊರಗೆ ಬಂದರು. ಕೂಸಿನ ಮೈಮೇಲೆ ಹಳದಿ ಅಂಗಿ. ಬೇರೆ ಯಾರಲ್ಲೂ ಕೊಡದೆ ಅವರೇ ಕೈಯಲ್ಲಿ ಹೊಲಿದಿದ್ದರು, ಹೊಲಿಗೆ ಅಂಕುಡೊಂಕು, ಒಂದು ತೋಳು ಉದ್ದ, ಒಂದು ಗಿಡ್ಡ. ಅದನ್ನು ಸರಿಮಾಡಲು ನನಗೆ ಹತ್ತು ನಿಮಿಷ ಸಾಕಿತ್ತು. ನನ್ನನ್ನು ಕಂಡು ಅವರು ನಿಂತರು. ನಾನು ಎದ್ದೆ. ಅವರು ಕೂಸನ್ನು ನನ್ನ ಕಡೆಯ ಹೆಗಲಿನಿಂದ ಎತ್ತಿ ಆ ಕಡೆಯ ಹೆಗಲಿಗೆ ಹಾಕಿಕೊಂಡರು, ಸೆರಗಿನಿಂದ ಅದರ ಮುಖ ಮುಚ್ಚಿದರು, ಗೋಡೆಯ ಬದಿಯಿಂದ ನಡೆದು ಹೋದರು.

ನನ್ನ ಸರದಿ ಬಂತು. ತೋಳು ಮೇಲೇರಿಸಿ ಕೂತೆ. ಸೂಜಿಗೆ ದಾರ ಪೋಣಿಸಲು ಹಿಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. "ಆಯ್ತು" ಎಂದು ನರ್ಸು ಹತ್ತಿ ಒತ್ತಿದರು. ನನ್ನ ಮುಖ ನೋಡಿ, "ಅಯ್ಯೋ, ತುಂಬಾ ನೋವಾಯ್ತಾ?" ಎಂದು ಕೇಳಿದರು.

ಇಲ್ಲ, ಒಂದು ಚೂರೂ ನೋವಾಗಿರಲಿಲ್ಲ. ಅದಕ್ಕೇ ಅಳುತ್ತಿದ್ದೆ.